ಗೆಳೆಯನಿಗಾಗಿ ಕಾದ ಹಾಡು
(ನವೆಂಬರ್ 22, ಸಂತ ಸಿಸಿಲಿಯಮ್ಮನವರ ಹಬ್ಬದ ಪ್ರಬೋಧನೆ)



ಇಂದು ಸಂಗೀತಗಾರರ ಪಾಲಕರಾದ ಸಂತ ಸಿಸಿಲಿಯಮ್ಮನವರ ಹಬ್ಬ. ರೋಮ್ ನಗರದಲ್ಲಿ ಯೇಸುಸ್ವಾಮಿಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿ ಇವರು. ಇವರ ಚಿತ್ರಗಳಲ್ಲಿ ವಾದ್ಯಗಳನ್ನು ಕಾಣುತ್ತೇವೆ. ಆದರೆ ಧರ್ಮಸಭೆಯ ಸಂಪ್ರದಾಯ ಹೇಳುವುದೇನು? ಮದುವೆಯ ದಿನ ಸುತ್ತಲೂ ವಾದ್ಯಗಳು ಮೊಳಗುತ್ತಿದ್ದಾಗ ಸಿಸಿಲಿಯಮ್ಮನವರು ತಮ್ಮ ಹೃದಯದೊಳಗೆ ದೇವರಿಗೆ ಮಾತ್ರ ಹಾಡಿದರಂತೆ. ಬಂದ ನೆಂಟರಿಗೆ ಅದು ಕೇಳಿಸಲಿಲ್ಲ, ದೇವರಿಗೆ ಕೇಳಿಸಿತು. ಯಾರ ಕಿವಿಗೂ ಬೀಳದ ಹಾಡನ್ನು ಹಾಡಿದವರನ್ನೇ ಧರ್ಮಸಭೆ ಹಾಡುಗಾರರ ಪಾಲಕರೆಂದು ಗೌರವಿಸುತ್ತಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮೂವರು ಸಂಗೀತಗಾರರ ಕಥೆಯನ್ನು ಕೇಳೋಣ.

ಇವರು ರಾಕ್ ಸಂಗೀತದವರು. ಹಿರಿಯರು ಹುಬ್ಬೇರಿಸುವುದು ಬೇಡ! ಮನೆಯಲ್ಲಿ ಗಿಟಾರ್ ಹಿಡಿದ ಮಕ್ಕಳಿದ್ದರೆ ಅವರಿಗೆ 'ರಷ್' ಎಂಬ ಕೆನಡಾದ ತಂಡದ ಹೆಸರು ಗೊತ್ತಿರಬಹುದು. ಗೆಡ್ಡಿ ಲೀ ಮತ್ತು ಅಲೆಕ್ಸ್ ಲೈಫ್‌ಸನ್ ಟೊರೊಂಟೊ ನಗರದ ಒಂದೇ ಶಾಲೆಯಲ್ಲಿ ಓದಿದ ಹುಡುಗರು. ಇಬ್ಬರೂ 1953ರಲ್ಲಿ ಹುಟ್ಟಿದವರು. ಗೆಡ್ಡಿಯ ತಂದೆತಾಯಿ ಆಶ್ವಿಟ್ಸ್ ಸೆರೆಶಿಬಿರದಿಂದ ಬದುಕಿ ಬಂದ ಯೆಹೂದ್ಯರು. ಅಲೆಕ್ಸ್‌ನ ತಂದೆತಾಯಿ ಸರ್ಬಿಯಾ ಮೂಲದ ವಲಸೆಗಾರರು. ಬೇರೆ ಬೇರೆ ನೋವಿನ ಮನೆಗಳಿಂದ ಬಂದ ಈ ಮಕ್ಕಳನ್ನು ಸಂಗೀತ ಒಂದುಗೂಡಿಸಿತು. 1968ರಲ್ಲಿ ತಂಡ ಹುಟ್ಟಿತು. 1974ರಲ್ಲಿ ನೀಲ್ ಪೀರ್ಟ್ ಎಂಬ ಡ್ರಮ್ಸ್ ವಾದಕರು ಬಂದು ಸೇರಿದರು. ಅಲ್ಲಿಂದ ಮುಂದೆ ಹಾಡಿನ ಮಾತುಗಳು ಹೆಚ್ಚಾಗಿ ನೀಲ್ ಅವರವು, ಸಂಗೀತ ಗೆಡ್ಡಿ ಮತ್ತು ಅಲೆಕ್ಸ್ ಅವರದು. ಒಬ್ಬರ ಮನಸ್ಸಿನ ಮಾತನ್ನು ಇನ್ನೊಬ್ಬರು ತಮ್ಮ ಕಂಠದಿಂದ ಹಾಡಬೇಕಾದರೆ ನಂಬಿಕೆ ಬೇಕು. ಅದು ಅವರಲ್ಲಿತ್ತು.

ಆಮೇಲೆ ಬಂದದ್ದು 1997. ಆ ಆಗಸ್ಟ್‌ನಲ್ಲಿ ನೀಲ್ ಅವರ 19 ವರ್ಷದ ಒಬ್ಬಳೇ ಮಗಳು ಕಾರು ಅಪಘಾತದಲ್ಲಿ ತೀರಿಕೊಂಡಳು. ಹತ್ತು ತಿಂಗಳಲ್ಲಿ, 1998ರ ಜೂನ್‌ನಲ್ಲಿ, ಅವರ ಪತ್ನಿಯೂ ಕ್ಯಾನ್ಸರ್‌ನಿಂದ ಕಣ್ಮುಚ್ಚಿದರು. ಮಗಳ ಅಂತ್ಯಕ್ರಿಯೆಯ ದಿನವೇ ನೀಲ್ ತಮ್ಮ ಗೆಳೆಯರಿಗೆ, ನಾನು ನಿವೃತ್ತನಾದೆ ಎಂದು ತಿಳಿಯಿರಿ ಎಂಬ ಅರ್ಥದ ಮಾತು ಹೇಳಿಬಿಟ್ಟಿದ್ದರು. ಪತ್ನಿಯೂ ಹೋದ ಮೇಲೆ ಬರಿದಾದ ಮನೆಯಲ್ಲಿ ಇರಲಾರದೆ ಮೋಟಾರ್ ಸೈಕಲ್ ಹತ್ತಿ ಹೊರಟರು. ಕೆನಡಾ, ಅಮೆರಿಕ, ಮೆಕ್ಸಿಕೊಗಳಲ್ಲಿ ಸುಮಾರು 88,000 ಕಿಲೊಮೀಟರ್ ಅಲೆದರು.

ಗೆಳೆಯರು ಏನು ಮಾಡಿದರು? ತಂಡ ಜಗತ್ಪ್ರಸಿದ್ಧವಾಗಿತ್ತು. ಬೇರೊಬ್ಬ ವಾದಕನನ್ನು ಕರೆಯಬಹುದಿತ್ತು. ಅವರು ಕರೆಯಲಿಲ್ಲ. ನೀಲ್ ಅವರನ್ನು ಅವಸರಪಡಿಸಲೂ ಇಲ್ಲ. 1997ರ ಜುಲೈಯಿಂದ 2002ರ ಜೂನ್‌ವರೆಗೆ, ಸುಮಾರು ಐದು ವರ್ಷ, ತಂಡ ವೇದಿಕೆ ಏರಲಿಲ್ಲ. 2001ರಲ್ಲಿ ನೀಲ್ ತಾವಾಗಿಯೇ ಮರಳಿ ಬಂದಾಗ ಮೂವರೂ ಸೇರಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಧಾನವಾಗಿ ಹೊಸ ಹಾಡುಗಳನ್ನು ಕಟ್ಟಿದರು. ಆ ಧ್ವನಿಮುದ್ರಿಕೆ 2002ರಲ್ಲಿ ಹೊರಬಂತು.

ಪ್ರಿಯರೇ, ಯೋಬನ ಗ್ರಂಥವನ್ನು ನೆನೆಯಿರಿ. ಯೋಬನ ಮೂವರು ಸ್ನೇಹಿತರು ಬಂದು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಕುಳಿತರು. ಅವನ ಸಂಕಟ ಕಂಡು ಒಂದು ಮಾತೂ ಆಡಲಿಲ್ಲ. ಅಷ್ಟರವರೆಗೆ ಅವರು ಒಳ್ಳೆಯ ಸ್ನೇಹಿತರಾಗಿದ್ದರು. ಬಾಯಿ ತೆರೆದು, ನೀನೇ ಏನೋ ತಪ್ಪು ಮಾಡಿರಬೇಕು ಎನ್ನತೊಡಗಿದಾಗ ಕೆಟ್ಟರು. ನಮ್ಮ ಧರ್ಮಕೇಂದ್ರಗಳಲ್ಲಿಯೂ ಹೀಗೆಯೇ ಅಲ್ಲವೇ? ಸಾವಿನ ಮನೆಗೆ ಮೊದಲ ದಿನ ಎಲ್ಲರೂ ಹೋಗುತ್ತೇವೆ. ತಿಂಗಳ ಪೂಜೆ ಮುಗಿದ ಮೇಲೆ ಆ ಮನೆಯ ಬಾಗಿಲು ಬಡಿಯುವವರು ಎಷ್ಟು ಮಂದಿ? ದುಃಖದಲ್ಲಿ ಹಾಡಲಾರದೆ ಒಬ್ಬರು ಗಾನವೃಂದಕ್ಕೆ ಬರುವುದನ್ನು ನಿಲ್ಲಿಸಿದರೆ ದೇವಾಲಯದ ಗೇಟಿನ ಬಳಿ ನಮ್ಮ ಪ್ರಶ್ನೆ ಏನು? "ಯಾಕೆ, ಕೋಯರಿಗೆ ಬರ್ತಾನೇ ಇಲ್ಲ? ಇನ್ನೂ ಎಷ್ಟು ದಿನ ಅಳ್ತೀರಿ?" ಮುಂದಿನ ಭಾನುವಾರ ಅವರ ಜಾಗದಲ್ಲಿ ಇನ್ನೊಬ್ಬರು ನಿಂತಿರುತ್ತಾರೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2015ರ ಆಗಸ್ಟ್ 1ರಂದು ಲಾಸ್ ಏಂಜಲೀಸ್‌ನಲ್ಲಿ ಮೂವರೂ ಕೊನೆಯ ಬಾರಿ ಜೊತೆಯಾಗಿ ನುಡಿಸಿದರು. ಮರುವರ್ಷ ನೀಲ್ ಅವರಿಗೆ ಮೆದುಳಿನ ಕ್ಯಾನ್ಸರ್ ಎಂದು ತಿಳಿಯಿತು. ಅದು ಯಾರಿಗೂ ಗೊತ್ತಾಗಬಾರದೆಂದು ಅವರು ಬಯಸಿದರು. ಪತ್ರಕರ್ತರೂ ಅಭಿಮಾನಿಗಳೂ ಮತ್ತೆ ಮತ್ತೆ ಕೇಳುತ್ತಿದ್ದರೂ ಇಬ್ಬರು ಗೆಳೆಯರು ಮೂರೂವರೆ ವರ್ಷ ಆ ಗುಟ್ಟನ್ನು ಕಾಪಾಡಿದರು. 2020ರ ಜನವರಿ 7ರಂದು ನೀಲ್ ತೀರಿಕೊಂಡರು. ಮೂರು ದಿನಗಳ ನಂತರವೇ ಜಗತ್ತಿಗೆ ಸುದ್ದಿ ತಿಳಿದದ್ದು. ಬೆಳಿಗ್ಗೆ ಕೇಳಿದ ಕಾಯಿಲೆಯ ಸುದ್ದಿಯನ್ನು ಸಂಜೆಯೊಳಗೆ ಊರಿಗೆಲ್ಲ ಮುಟ್ಟಿಸುವ ನಮಗೆ ಇದು ದೊಡ್ಡ ಪಾಠ. "ಪ್ರಾರ್ಥನೆ ಮಾಡಿ" ಎಂದು ಹೇಳುತ್ತಲೇ ಎಷ್ಟು ಮನೆಗಳ ಗುಟ್ಟನ್ನು ಬೀದಿಗೆ ತರುತ್ತೇವೆ! ಒಬ್ಬರು ನಂಬಿ ಹೇಳಿದ ನೋವನ್ನು ಎದೆಯಲ್ಲೇ ಇಟ್ಟುಕೊಂಡು ದೇವರ ಮುಂದೆ ಮಾತ್ರ ತೆರೆಯುವುದೇ ಸಿಸಿಲಿಯಮ್ಮನವರು ಹೃದಯದಲ್ಲಿ ಹಾಡಿದ ಹಾಡು.

ಅಗಲಿದವರನ್ನು ಮರೆಯದೆಯೂ ಮತ್ತೆ ಹಾಡಬಹುದು. 2025ರ ಅಕ್ಟೋಬರ್‌ನಲ್ಲಿ, 72 ವರ್ಷದ ಗೆಡ್ಡಿ ಮತ್ತು ಅಲೆಕ್ಸ್, 2026ರಲ್ಲಿ ಮತ್ತೆ ವೇದಿಕೆ ಏರುವುದಾಗಿ ಪ್ರಕಟಿಸಿದರು. ಡ್ರಮ್ಸ್‌ಗೆ ಜರ್ಮನಿಯ ಅನಿಕಾ ನಿಲ್ಲೆಸ್ ಎಂಬ ಕಲಾವಿದೆಯನ್ನು ಕರೆದರು. ನೀಲ್ ಅವರ ಕುಟುಂಬವೂ ಇದಕ್ಕೆ ಮನಸಾರೆ ಒಪ್ಪಿಗೆ ಸೂಚಿಸಿತು.

ಇವರು ನಮ್ಮ ವಿಶ್ವಾಸದವರಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ನೆರೆಯವನು ಯಾರು ಎಂಬ ಪ್ರಶ್ನೆಗೆ ಯೇಸುಸ್ವಾಮಿ ತೋರಿಸಿದ್ದು ಒಬ್ಬ ಸಮಾರಿಯದವನನ್ನು. ಒಳ್ಳೆಯದು ಎಲ್ಲಿ ಕಂಡರೂ ಅದರ ಮೂಲ ದೇವರೇ. ನಿಷ್ಠಾವಂತ ಸ್ನೇಹಿತನು ಭದ್ರವಾದ ಆಸರೆ, ಅಂಥವನು ಸಿಕ್ಕಿದರೆ ನಿಧಿ ಸಿಕ್ಕಿದಂತೆ ಎಂದು ಸಿರಾಖನ ಗ್ರಂಥವೂ ನಮಗೆ ಕಲಿಸುತ್ತದೆ.

ಕೊನೆಯ ಭೋಜನದ ರಾತ್ರಿ ಪ್ರಭು ತಮ್ಮ ಶಿಷ್ಯರನ್ನು ಸೇವಕರೆನ್ನದೆ ಸ್ನೇಹಿತರೆಂದು ಕರೆದರು. ಅದೇ ರಾತ್ರಿ ಗೆತ್ಸೆಮನೆ ತೋಪಿನಲ್ಲಿ ಆ ಸ್ನೇಹಿತರಿಂದ ಅವರು ಬಯಸಿದ್ದೇನು? ಬೋಧನೆಯಲ್ಲ, ಸಮಾಧಾನದ ಮಾತೂ ಅಲ್ಲ. ತಮ್ಮೊಂದಿಗೆ ಎಚ್ಚರವಾಗಿರುವುದನ್ನು ಮಾತ್ರ. ಅವರು ನಿದ್ದೆಹೋದರು. ಆದರೂ ಪುನರುತ್ಥಾನದ ನಂತರ ಪ್ರಭು ಅವರನ್ನೇ ಹುಡುಕಿಕೊಂಡು ಬಂದರು.

ಗಾನವೃಂದದ ಮಿತ್ರರೇ, ಇಂದು ನಿಮ್ಮ ನಡುವೆ ಯಾರ ಜಾಗ ಖಾಲಿಯಿದೆ ಎಂದು ನೋಡಿ. ಈ ವಾರ ಆ ಮನೆಗೆ ಹೋಗಿ. ಯಾವಾಗ ಬರುತ್ತೀರಿ ಎಂದು ಕೇಳಬೇಡಿ. ಒಂದು ಲೋಟ ಕಾಫಿ ಕುಡಿದು, ಸ್ವಲ್ಪ ಹೊತ್ತು ಜೊತೆಯಲ್ಲಿ ಕುಳಿತು ಬನ್ನಿ. ಅವರ ಹಾಡಿನ ಪುಸ್ತಕ ಅವರ ಜಾಗದಲ್ಲಿಯೇ ಇರಲಿ. ಸಂತ ಸಿಸಿಲಿಯಮ್ಮನವರ ಪ್ರಾರ್ಥನೆಯ ಮೂಲಕ, ಕಾಯುವ ತಾಳ್ಮೆಯನ್ನೂ ಗುಟ್ಟು ಕಾಯುವ ಪ್ರೀತಿಯನ್ನೂ ಪ್ರಭು ನಮಗೆ ದಯಪಾಲಿಸಲಿ. ಆಮೆನ್.