ಉಳ್ಳವರ ಪಾಲು, ನಮ್ಮೆಲ್ಲರ ಪಾಲು
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರುಷ ತುಂಬಿದ ಈ ಸಂತೋಷದ ದಿವಸ ಒಂದು ಕಹಿ ಮಾತು ಆಡಲು ಅಪ್ಪಣೆ ಬೇಡುತ್ತೇವೆ. "ಕರ ಕಟ್ಟೂದು ದೊಡ್ಡವರ ಕೆಲಸ, ಸವಲತ್ತು ಕೊಡೂದು ಸರಕಾರದ ಕೆಲಸ, ನಮ್ಮದೇನೈತಿ?" ಅಂತ ನಾವೆಲ್ಲ ಕಟ್ಟೆ ಮ್ಯಾಲೆ ಕೂತು ಮಾತಾಡುತ್ತೇವೆ. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು.

ಸುಳ್ಳು ಯಾವುದು? ನೆರೆಯ ಚಿಕ್ಕಪಡಸಲಗಿಗೆ ಹೋಗಿ ನೋಡಿರಿ. ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ಸರಕಾರದ ದಾರಿ ಕಾಯದೆ, ತಾವೇ ವಂತಿಗೆ ಹಾಕಿ, ಮೈ ಬಗ್ಗಿಸಿ ದುಡಿದು 1989ರಲ್ಲಿ ಬ್ಯಾರೇಜ್ ಕಟ್ಟಿದರು. ಅದಕ್ಕೆ 'ಶ್ರಮಬಿಂದು ಸಾಗರ' ಎಂಬ ಹೆಸರು ಬಂತು. ನಮ್ಮದೇನೈತಿ ಅಂತ ಕೂತಿದ್ದರೆ ಆ ನೀರು ನಿಲ್ಲುತ್ತಿರಲಿಲ್ಲ.

ಆದರೆ ದವಾಖಾನೆ, ಸಾಲಿ, ರಸ್ತೆ ಎಲ್ಲವನ್ನೂ ವಂತಿಗೆಯಿಂದ ನಡೆಸಲಾದೀತೆ? 2019ರ ಮಹಾಪೂರದಲ್ಲಿ ಮನೆ ಕಳಕೊಂಡವರಿಗೆ ಪರಿಹಾರ ಬೇಕಾದಾಗ ಸಾರ್ವಜನಿಕ ಬೊಕ್ಕಸವನ್ನೇ ನೋಡಬೇಕಾಯಿತು. ದಾನ ಕೊಡುವವನ ಮನಸ್ಸು ಬಂದಾಗ ಬರುತ್ತದೆ. ಕರ ವರುಷಾ ವರುಷ ಬರಬೇಕು. ಉಳ್ಳವರು ಹೆಚ್ಚು ಕೊಡಬೇಕು ಅನ್ನುವ ಅರ್ಧ ನಿಜ ಇಲ್ಲಿದೆ. ಯಾಕಂದ್ರ ಸಾಬೂನು ಕೊಳ್ಳುವಾಗ ನೇಕಾರನೂ ಸಾವುಕಾರನೂ ಒಂದೇ ದರದ ಜಿಎಸ್‌ಟಿ ಕೊಡುತ್ತಾರೆ.

ನಮ್ಮ ದೇಶದಲ್ಲಿ 1957ರಿಂದ ಸಂಪತ್ತಿನ ಮೇಲೆ ತೆರಿಗೆ ಇತ್ತು. 2013-14ರಲ್ಲಿ ಇಡೀ ದೇಶದಿಂದ ಅದು ತಂದದ್ದು ಕೇವಲ 1,008 ಕೋಟಿ ರೂಪಾಯಿ. ವಸೂಲಿಯ ಖರ್ಚೇ ಹೆಚ್ಚು, ಹುಟ್ಟುವಳಿ ಕಡಿಮೆ ಎಂದು 2015ರ ಬಜೆಟ್ಟಿನಲ್ಲಿ ಅದನ್ನು ರದ್ದು ಮಾಡಿ, ಕೋಟಿಗಿಂತ ಹೆಚ್ಚು ಆದಾಯದವರಿಗೆ ಶೇಕಡಾ 2ರ ಹೆಚ್ಚುವರಿ ಸರ್‌ಚಾರ್ಜ್ ಹಾಕಿದರು. ಅದರಿಂದ ಸುಮಾರು 9,000 ಕೋಟಿ ಬರುವ ಅಂದಾಜು ಮಾಡಿದ್ದರು. ಆದರೂ ಆದಾಯ ಕಡಿಮೆ ತೋರಿಸಿ ಬಂಗಾರ, ಜಾಗ ಕೂಡಿಟ್ಟವನು ಈ ಬಲೆಗೆ ಬೀಳುವುದಿಲ್ಲ. ಕಾಯ್ದೆ ಎಷ್ಟೇ ಬಿಗಿಯಿರಲಿ, ನಿಜ ಲೆಕ್ಕ ಬರೆಯುವ ಮನಸ್ಸು ಬೇಕು.

ಇನ್ನು ನಮ್ಮ ಮನೆಯ ಮಾತು. ಹೆಸರು ಎತ್ತುವುದಿಲ್ಲ. ಕಂಡಿಕೆ ಸುತ್ತಿ ಬದುಕುವ ತಾಯಿ ಕಂತಿನ ದಿನ ತಪ್ಪದೆ ಬಂದು ಸಾಲ ತುಂಬುತ್ತಾಳೆ. ಹತ್ತಾರು ಮಗ್ಗ, ಕಬ್ಬಿನ ಹೊಲ ಇದ್ದವರು ಮಾತ್ರ "ಮನ್ನಾ ಆದೀತು, ನೋಡೂಣು" ಅನ್ನುತ್ತಾರೆ. ಅವರು ಮುಳುಗಿಸಿದ ದುಡ್ಡು ಯಾರದು? ಆ ತಾಯಿಯ ಠೇವಣಿಯದು! ಹೊರಗೆ ಶ್ರೀಮಂತರ ಕರಗಳ್ಳತನ ಬೈದು, ಒಳಗೆ ನಾವೇ ಅದನ್ನು ಮಾಡಿದರೆ ಯಾವ ಬಾಯಿಂದ ನ್ಯಾಯ ಕೇಳೋಣ?

1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರದ ದೀಪ ಹಚ್ಚಿದ್ದು ಇದ್ದವರೂ ಇಲ್ಲದವರೂ ಒಂದೇ ಚಾಪೆ ಮೇಲೆ ಕೂಡಲಿ ಅಂತ. ಬಸವಣ್ಣನವರ ಕಾಯಕ ನಮಗೆ ಬೇಕು, ದಾಸೋಹ ಮಾತ್ರ ಬ್ಯಾಡ ಅಂದರೆ ನಡೆಯುವುದಿಲ್ಲ.

ಶಕ್ತಿಯಿದ್ದೂ ಬಾಕಿ ಇಟ್ಟುಕೊಂಡವರು ಮೊದಲು ತುಂಬಲಿ. ಆಮೇಲೆ ಎಲ್ಲರೂ ಕೂಡಿ, ಉಳ್ಳವರ ಪಾಲು ಬೊಕ್ಕಸಕ್ಕೆ ಬರಲಿ ಎಂದು ಗಟ್ಟಿ ದನಿಯಲ್ಲಿ ಕೇಳೋಣ.