ಅಳೆ, ಹೋಲಿಸು, ತಿದ್ದು

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಮತ್ತು ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕಳೆದ ಜೂನ್ ತಿಂಗಳಲ್ಲಿ ತಂದೆಯೊಬ್ಬರು ಮಗಳ ವರ್ಗಾವಣೆ ಪತ್ರ ಕೇಳಿಕೊಂಡು ನನ್ನ ಕೊಠಡಿಗೆ ಬಂದರು. ಅವರೂ ಇದೇ ಶಾಲೆಯಲ್ಲಿ ಓದಿದವರು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಜನರೇಟರುಗಳನ್ನು ನೋಡಿಕೊಳ್ಳುವವರು. “ಮೇಡಂ, ಈಗ ಎಂಜಿನ್ನಿಗೂ ಕಂಪ್ಯೂಟರ್ ಬಂದಿದೆ. ಕನ್ನಡದಲ್ಲಿ ಓದಿದ ನನಗೆ ಅದು ತಿಳಿಯುತ್ತಿಲ್ಲ. ಮಗಳಿಗೂ ಈ ಕಷ್ಟ ಬೇಡ” ಎಂದರು. ನಾನು ಕನ್ನಡ ಎಂ.ಎ. ಓದಿದವಳು. ಉತ್ತರ ತೋಚದೆ ಪತ್ರಕ್ಕೆ ಸಹಿ ಹಾಕಿದೆ. ಅನಂತರ ನಮ್ಮ ವಿಜ್ಞಾನ ಶಿಕ್ಷಕರನ್ನೂ, ಯಂತ್ರಗಳೊಡನೆ ದುಡಿಯುವ ಹಳೆಯ ವಿದ್ಯಾರ್ಥಿಗಳನ್ನೂ ಕೇಳಿ ಕಲಿತದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಈ ಚಪ್ಪರದ ಹಿಂದೆ ಡೀಸೆಲ್ ಜನರೇಟರೊಂದು ಓಡುತ್ತಿದೆ. ನಮ್ಮ ದೀಪಗಳಿಗೆ ಬೇಕಾದುದು 50 ಹರ್ಟ್ಸ್ ವಿದ್ಯುತ್ತು. ಅದಕ್ಕಾಗಿ ನಾಲ್ಕು ಧ್ರುವಗಳ ಆಲ್ಟರ್ನೇಟರನ್ನು ಎಂಜಿನ್ನು ನಿಮಿಷಕ್ಕೆ 1500 ಸುತ್ತು ತಿರುಗಿಸಬೇಕು. ಎಲ್ಲ ದೀಪಗಳನ್ನೂ ಒಮ್ಮೆಲೇ ಹಾಕಿದರೆ ಹೊರೆ ಹೆಚ್ಚಿ ವೇಗ ಕುಗ್ಗುತ್ತದೆ. ಆರಿಸಿದರೆ ವೇಗ ಏರುತ್ತದೆ. ಹೊರೆಗೆ ತಕ್ಕಂತೆ ಇಂಧನವನ್ನು ಹೆಚ್ಚು ಕಡಿಮೆ ಮಾಡಿ ವೇಗವನ್ನು ಕಾಯುವವರು ಯಾರು?

ಹಿಂದೆ ಅದು ಯಾಂತ್ರಿಕ ಗವರ್ನರಿನ ಕೆಲಸ. 1788ರಲ್ಲಿ ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರಕ್ಕೆ ಅಳವಡಿಸಿದ ಗವರ್ನರಿನಲ್ಲಿ ತಿರುಗುವ ಎರಡು ಗುಂಡುಗಳಿದ್ದವು. ವೇಗ ಹೆಚ್ಚಿದರೆ ಅವು ದೂರ ಸರಿದು ಉಗಿಯ ದಾರಿಯನ್ನು ಕಿರಿದುಗೊಳಿಸುತ್ತಿದ್ದವು. ತಗ್ಗಿದರೆ ಹತ್ತಿರವಾಗಿ ದಾರಿ ಬಿಡುತ್ತಿದ್ದವು. ಹಳೆಯ ಡೀಸೆಲ್ ಪಂಪುಗಳಲ್ಲಿಯೂ ತಿರುಗುವ ತೂಕ, ಅದನ್ನು ತಡೆಯುವ ಸ್ಪ್ರಿಂಗು ಇದೇ ಕೆಲಸ ಮಾಡುತ್ತವೆ. ಆದರೆ ಅಲ್ಲಿ ಹೊರೆ ಹೆಚ್ಚಿದಾಗ ವೇಗ ತುಸು ಇಳಿದೇ ಉಳಿಯುತ್ತದೆ.

ಹೊಸ ಎಂಜಿನ್ನಿನಲ್ಲಿ ಗುಂಡುಗಳ ಸ್ಥಾನಕ್ಕೆ ಸಂವೇದಕ ಬಂದಿದೆ. ಫ್ಲೈವೀಲಿನ ಹಲ್ಲುಗಳು ಅದರ ಮುಂದೆ ಹಾಯುವಾಗ ಹುಟ್ಟುವ ವಿದ್ಯುತ್ ಮಿಡಿತಗಳನ್ನು ಇ.ಸಿ.ಯು. ಎಂಬ ನಿಯಂತ್ರಕ ಎಣಿಸುತ್ತದೆ, 1500ರೊಡನೆ ಹೋಲಿಸುತ್ತದೆ, ಕೊರತೆ ತುಂಬುವವರೆಗೂ ಇಂಧನವನ್ನು ಹೊಂದಿಸುತ್ತದೆ. ಕಾಮನ್ ರೈಲ್ ವ್ಯವಸ್ಥೆಯಲ್ಲಿ ಪಂಪು ಡೀಸೆಲನ್ನು ಗಟ್ಟಿ ಕೊಳವೆಯೊಂದರಲ್ಲಿ, ನಮ್ಮ ಸುತ್ತಲಿನ ಗಾಳಿಗಿಂತ ಸಾವಿರ ಪಟ್ಟಿಗೂ ಮೀರಿದ ಒತ್ತಡದಲ್ಲಿ ಕೂಡಿಡುತ್ತದೆ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂಬುದು ಮಿಲಿಸೆಕೆಂಡುಗಳ ಲೆಕ್ಕ. ಒತ್ತಡ ಮತ್ತು ಅವಧಿ ಸೇರಿ ಇಂಧನದ ಪ್ರಮಾಣವನ್ನು ನಿರ್ಧರಿಸುತ್ತವೆ. ಅಳತೆ ಕರಾರುವಾಕ್ಕಾದಷ್ಟೂ ಹೊಗೆ ಕಡಿಮೆ. 2023ರ ಜುಲೈ 1ರಿಂದ ಜನರೇಟರುಗಳ ಹೊಗೆಗೆ ನಮ್ಮ ದೇಶದಲ್ಲಿ ಬಿಗಿಯಾದ ಮಿತಿಗಳು ಜಾರಿಗೆ ಬಂದ ಮೇಲೆ ಈ ವ್ಯವಸ್ಥೆಯ ಬಳಕೆ ಹೆಚ್ಚಿದೆ.

ಕಾರ್ಖಾನೆಯ ಫೋರ್ಕ್‌ಲಿಫ್ಟುಗಳಲ್ಲಿ ಕಿಡಿಯಿಂದ ಹೊತ್ತಿಕೊಳ್ಳುವ ಪೆಟ್ರೋಲ್ ಅಥವಾ ಅನಿಲದ ಎಂಜಿನ್ನುಗಳೂ ಇರುತ್ತವೆ. ಅವುಗಳಲ್ಲಿ ಇಂಧನದ ಜೊತೆಗೆ ಗಾಳಿಯನ್ನೂ ಅಳೆದು ಕೊಡಬೇಕು: ಒಂದು ಕಿಲೋ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿಯ ದಾರಿಯಲ್ಲಿ ತಿರುಗುವ ತಟ್ಟೆಯೇ ಥ್ರಾಟಲ್. ಹಿಂದೆ ಅದನ್ನು ತಂತಿ ಎಳೆಯುತ್ತಿತ್ತು. ಈಗ ಪುಟ್ಟ ಮೋಟಾರು ತಿರುಗಿಸುತ್ತದೆ. ತಟ್ಟೆ ಎಷ್ಟು ತೆರೆದಿದೆಯೆಂದು ಹೇಳಲು ಸಾಮಾನ್ಯವಾಗಿ ಎರಡು ಸಂವೇದಕಗಳಿರುತ್ತವೆ. ಎರಡು ಸಾಕ್ಷಿಗಳ ಮಾತು ತಾಳೆಯಾಗದಿದ್ದರೆ ಇ.ಸಿ.ಯು. ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತದೆ, ಇಲ್ಲವೇ ಅದನ್ನು ನಿಲ್ಲಿಸುತ್ತದೆ. ಹೊಗೆಯ ಕೊಳವೆಯಲ್ಲಿರುವ ಆಮ್ಲಜನಕದ ಸಂವೇದಕ, ಉರಿದದ್ದು ಸರಿಯೇ ಎಂದು ವರದಿ ಕೊಡುತ್ತದೆ. ಮುಂದಿನ ಅಳತೆ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಮಹನೀಯರೇ, ಇದರಲ್ಲಿ ಕನ್ನಡಕ್ಕೆ ನಿಲುಕದ್ದು ಯಾವುದಿದೆ? ಅಳೆ, ಹೋಲಿಸು, ತಿದ್ದು. ಒಟ್ಟು ಮೂರು ಕ್ರಿಯಾಪದಗಳು. ಒಂದನೆಯ ತರಗತಿಯ ಮಗು ಸ್ಲೇಟಿನ ಮೇಲೆ ಅಕ್ಷರ ತಿದ್ದುವಾಗ ಮಾಡುವುದೂ ಇದನ್ನೇ: ತಾನು ಬರೆದದ್ದನ್ನು ಮಾದರಿಯೊಡನೆ ಹೋಲಿಸಿ, ಮತ್ತೆ ತಿದ್ದುತ್ತದೆ.

ಆದರೂ ಆ ತಂದೆಯ ಅಳಲು ಸುಳ್ಳಲ್ಲ. ಯಂತ್ರದ ಕೈಪಿಡಿ ಇಂಗ್ಲಿಷಿನಲ್ಲಿದೆ. ಅವರ ಕಾರ್ಖಾನೆಯಲ್ಲಿ ಮಾತು ತಮಿಳಿನಲ್ಲಿ ನಡೆಯುತ್ತದೆ. ಆ ಪದಗಳನ್ನು ಕಲಿಸದೆ ಬರಿಯ ಅಭಿಮಾನದಿಂದ ಮಕ್ಕಳನ್ನು ಕಳುಹಿಸಿದರೆ ತಪ್ಪು ನಮ್ಮದೇ. ತತ್ವವನ್ನು ತಾಯ್ನುಡಿಯಲ್ಲಿ ಅರಿತ ಮಗುವಿಗೆ ಹೊಸ ಪದ ಹೊಸ ಹೆಸರಷ್ಟೇ; ತತ್ವ ತಿಳಿಯದ ಮಗುವಿಗೆ ಯಾವ ಭಾಷೆಯ ಪದವೂ ಬಾಯಿಪಾಠವೇ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ತಿಂಗಳಿಗೊಂದು ಶನಿವಾರ ನಿಮ್ಮಲ್ಲೊಬ್ಬರು ಹಳೆಯ ಇಂಜೆಕ್ಟರನ್ನೋ ಥ್ರಾಟಲನ್ನೋ ಹಿಡಿದು ತರಗತಿಗೆ ಬನ್ನಿ. ಕನ್ನಡದಲ್ಲಿ ವಿವರಿಸಿ, ಇಂಗ್ಲಿಷ್ ಮತ್ತು ತಮಿಳು ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಮೊದಲ ಶನಿವಾರಕ್ಕೆ ಆ ತಂದೆಯನ್ನೇ ಕರೆದಿದ್ದೇನೆ; ಒಪ್ಪಿದ್ದಾರೆ. ಅವರ ಮಗಳು ಈಗ ಬೇರೆ ಶಾಲೆಯಲ್ಲಿದ್ದಾಳೆ. ಅವಳನ್ನೂ ಜೊತೆಗೆ ಕರೆತರಲು ಕೇಳಿಕೊಂಡಿದ್ದೇನೆ.