ಸಿನಿಕತನವೆಂಬ ಜಾಡ್ಯ

(ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಹಳ್ಳಿಹಳ್ಳಿ ತಿರುಗುವ ನಮಗೆ ಎಲ್ಲೆಲ್ಲೂ ಎದುರಾಗುವುದು ಒಂದೇ ಮಾತು: ರಾಮ ಆಳಿದರೂ ರಾವಣ ಆಳಿದರೂ ರಾಗಿ ಬೀಸುವುದು ತಪ್ಪದು. ಹೀಗೆನ್ನುವವರನ್ನು ನಾವು ಹಳಿಯುವುದು ಸಲ್ಲದು. ಮೋಸಹೋದವರ ಅನುಭವ ಆ ಮಾತಿನಲ್ಲಿದೆ. ಆದರೆ ಒಬ್ಬನು ಮೋಸಗಾರನೆಂದು ಅರಿಯುವುದು ವಿವೇಕ. ಲೋಕವೆಲ್ಲ ಮೋಸವೆಂದು ತೀರ್ಮಾನಿಸಿ ಜಗಲಿಯ ಮೇಲೆ ಕುಳಿತುಬಿಡುವುದು ಜಾಡ್ಯ.

ಜಾಡ್ಯವೆಂದದ್ದು ಬರಿಯ ಅಲಂಕಾರಕ್ಕಲ್ಲ. 2014ರಲ್ಲಿ ಫಿನ್ಲೆಂಡಿನ ಸಂಶೋಧಕರು ಪ್ರಕಟಿಸಿದ ವರದಿಯಂತೆ, ಪರರಲ್ಲಿ ತೀವ್ರ ಅಪನಂಬಿಕೆಯಿದ್ದ ವೃದ್ಧರಿಗೆ ಮರೆವಿನ ರೋಗ ತಗಲುವ ಸಂಭವ ಅದು ಕಡಿಮೆಯಿದ್ದವರಿಗಿಂತ ಸುಮಾರು 3 ಪಟ್ಟು ಹೆಚ್ಚಾಗಿತ್ತು. 2009ರಲ್ಲಿ ಅಮೆರಿಕದ 97 ಸಾವಿರ ಹೆಂಗಸರ ಅಧ್ಯಯನವೂ ಇದೇ ಜಾಡಿನದು: ಸಿನಿಕ ದ್ವೇಷ ಹೆಚ್ಚಿದ್ದವರಲ್ಲಿ ಸಾವಿನ ಪ್ರಮಾಣವೂ ಹೆಚ್ಚು. ಅಪನಂಬಿಕೆಯೇ ರೋಗದ ಕಾರಣವೆಂದು ಇದರಿಂದ ಸಿದ್ಧವಾಗದು. ಬಡತನ, ಒಂಟಿತನಗಳೂ ಮನುಷ್ಯನನ್ನು ಕಹಿಯಾಗಿಸುತ್ತವೆ. ಆದರೂ ಈ ಎರಡೂ ಜೊತೆಜೊತೆಗೆ ನಡೆಯುವುದನ್ನು ನಾವು ಅಲಕ್ಷಿಸುವಂತಿಲ್ಲ.

ಇರಲಿ, ಎಲ್ಲರೂ ಕಳ್ಳರೆಂಬುದು ನಿಜವೆ? 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯನ್ನು ನೋಡಿ. 40 ದೇಶಗಳ 355 ನಗರಗಳಲ್ಲಿ 17 ಸಾವಿರಕ್ಕೂ ಮಿಕ್ಕಿ ಪರ್ಸುಗಳನ್ನು, ಬೀದಿಯಲ್ಲಿ ಸಿಕ್ಕವೆಂದು ಹೇಳಿ, ಬ್ಯಾಂಕು, ಅಂಚೆ ಕಚೇರಿ, ಹೋಟೆಲುಗಳ ನೌಕರರ ಕೈಗೆ ಕೊಟ್ಟುಬಂದರು. ಹಣವಿಲ್ಲದ ಪರ್ಸುಗಳಲ್ಲಿ ನೂರಕ್ಕೆ 40ರ ಒಡೆಯರಿಗೆ ಸುದ್ದಿ ಮುಟ್ಟಿತು; ಹಣವಿದ್ದವುಗಳಲ್ಲಿ 51ರ ಒಡೆಯರಿಗೆ! ಹಣವಿದ್ದರೆ ನುಂಗುವವರೇ ಹೆಚ್ಚೆಂದು ಜನ ಊಹಿಸಿದ್ದರು. ಉಳಿದ 49ನ್ನು ನಾವು ಮರೆಯುವುದು ಬೇಡ. ಆದರೆ ನಾವು ತಿಳಿದಷ್ಟು ಕೆಟ್ಟವನಲ್ಲ ನಮ್ಮ ನೆರೆಯವನು.

ನಮ್ಮ ನಾಡಿನದೇ ನಿದರ್ಶನ ಬೇಕೆ? 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಗೇಣಿ ಅಳೆಯುವ ಕೊಳಗದ ಅನ್ಯಾಯಕ್ಕೆ ಎದುರುನಿಂತರು. ದೊಡ್ಡ ಕೊಳಗ ಒಡೆಯರ ಹಕ್ಕು, ಅದು ತಪ್ಪದ್ದೆಂದು ನಂಬಿಸಲಾಗಿದ್ದ ಕಾಲ ಅದು. ಗಣಪತಿಯಪ್ಪನವರೂ ಗೋಪಾಲಗೌಡರೂ ಜೊತೆನಿಂತರು; ಲೋಹಿಯಾ ಬಂದು ಬಂಧಿತರಾದರು. ಉಳಲು ಗದ್ದೆಗಿಳಿದವರು ತಂಡತಂಡವಾಗಿ ಸೆರೆಮನೆ ಸೇರಿದರು. ಆ ವರ್ಷ ಭೂಮಿ ಅವರ ಕೈಸೇರಲಿಲ್ಲ. ಜಗಲಿಯವರು ನಕ್ಕಿರಲೂಬಹುದು. ಆದರೆ ರಾಜ್ಯದಲ್ಲಿ ಗೇಣಿ ಪದ್ಧತಿಯನ್ನೇ ತೊಡೆದು ಉಳುವವನಿಗೆ ಒಡೆತನ ಕೊಡುವ ಕಾನೂನು 1974ರಲ್ಲಿ ಜಾರಿಗೆ ಬಂದಿತು. ನಡುವೆ ಕಳೆದದ್ದು 23 ವರ್ಷ. ಆಸೆಯೆಂಬುದು ನಾಳೆಯೇ ಗೆಲ್ಲುತ್ತೇವೆಂಬ ಭ್ರಮೆಯಲ್ಲ, 23 ವರ್ಷ ಹಿಡಿದ ಕೆಲಸವನ್ನು ಬಿಡದ ಹಟ.

ಆ ಹಟವನ್ನು ಬೆಳೆಸುವುದು ಹೇಗೆ? ಮೊದಲನೆಯದಾಗಿ, ಕೈಗೆಟುಕುವ ಕೆಲಸದಿಂದ ತೊಡಗೋಣ. ಪಡಿತರ ಅಂಗಡಿಯ ಮುಂದೆ ದಾಸ್ತಾನಿನ ಫಲಕ ಹಾಕಿಸುವುದು, ಶಾಲೆಯ ಸೋರುವ ಮಾಡು ರಿಪೇರಿ ಮಾಡಿಸುವುದು ಸಣ್ಣ ಕೆಲಸಗಳಲ್ಲ; ಒಂದು ಆದರೆ ಮತ್ತೊಂದಕ್ಕೆ ಹತ್ತು ಜನ ಬರುತ್ತಾರೆ. ಎರಡನೆಯದಾಗಿ, ಆದದ್ದು ಆಗದ್ದು ಎರಡನ್ನೂ ಪುಸ್ತಕದಲ್ಲಿ ಬರೆದು ಸಭೆಯಲ್ಲಿ ಓದೋಣ. ಲೆಕ್ಕ ತೋರಿಸುವವನಲ್ಲಿ ನಂಬಿಕೆ ತಾನಾಗಿ ಹುಟ್ಟುತ್ತದೆ. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ. ಮೂರನೆಯದಾಗಿ, ಊರಿನಲ್ಲಿ ನಡೆದ ಒಳಿತನ್ನು ಕೆಡುಕಿನಷ್ಟೇ ಗಟ್ಟಿಯಾಗಿ ಸಾರೋಣ.

ಕಡೆಯ ಮಾತು. ಯಾರು ಏನೂ ಮಾಡಲಾರರೆಂದು ಜನ ನಂಬಿದಷ್ಟೂ ದೊಡ್ಡ ಕೊಳಗದವರಿಗೇ ಲಾಭ. ಜಗಲಿಯ ಮೇಲಿರುವವನನ್ನು ವಾದದಲ್ಲಿ ಸೋಲಿಸಿ ಬರಬೇಡಿ, ಮಾಡಿನ ಹಂಚು ಎತ್ತಿಕೊಡಲು ಕರೆಯಿರಿ.